ಮೊದಲ ಕಿರುಚಿತ್ರ: ಮಾತು ಸ್ಪಷ್ಟವಾಗಿ ಕೇಳಿಸಬೇಕಾದರೆ

ಹೊಸಬರ ಕಿರುಚಿತ್ರಗಳನ್ನು ಬೇಕಾದಷ್ಟು ನೋಡಿದ್ದೇನೆ. ದೃಶ್ಯ ಚೆನ್ನಾಗಿಯೇ ಇರುತ್ತದೆ. ಪಾತ್ರ ಬಾಯಿ ತೆರೆದರೆ ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳಿಸುತ್ತದೆ. ಅದಕ್ಕೇ ಈ ಲೇಖನದ ಹೆಚ್ಚು ಪಾಲು ಧ್ವನಿಗೆ.

ಹಂತ 1: ಐದು ನಿಮಿಷದ ಕತೆ ಸಾಕು. ಶಾಟ್‌ಗಳ ಪಟ್ಟಿ ಬರೆದಿಡಿ.

ಹಂತ 2: ಕ್ಯಾಮೆರಾದಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡ್ ಇಡಿ. ಫೋಕಸ್, ಎಕ್ಸ್‌ಪೋಶರ್ (ಚಿತ್ರದ ಬೆಳಕಿನ ಮಟ್ಟ) ಎರಡನ್ನೂ ಲಾಕ್ ಮಾಡಿ.

ಹಂತ 3: ಚಿತ್ರೀಕರಣದ ಕೋಣೆಯಲ್ಲಿ ಒಂದು ನಿಮಿಷ ಕಣ್ಣು ಮುಚ್ಚಿ ಕೂತುಕೊಳ್ಳಿ. ಫ್ಯಾನು, ಗಡಿಯಾರ, ಫ್ರಿಜ್ಜು ಎಲ್ಲ ಒಂದೊಂದಾಗಿ ಕಿವಿಗೆ ಬೀಳುತ್ತವೆ. ಎಲ್ಲವನ್ನೂ ನಿಲ್ಲಿಸಿ. ಫ್ರಿಜ್ಜಿನೊಳಗೆ ನಿಮ್ಮ ಗಾಡಿ ಕೀ ಇಡಿ. ಹೊರಡುವಾಗ ಅದನ್ನು ಮತ್ತೆ ಆನ್ ಮಾಡುವುದು ಮರೆಯುವುದಿಲ್ಲ. ಬರೀ ಗೋಡೆಗಳಿದ್ದರೆ ಫ್ರೇಮಿಗೆ ಬೀಳದ ಕಡೆ ದಪ್ಪ ಕಂಬಳಿ ನೇತುಹಾಕಿ, ಗುಂಯ್‌ಗುಡುವುದು ಕಡಿಮೆಯಾಗುತ್ತದೆ.

ಹಂತ 4: ಎಡವುವುದು ಇಲ್ಲೇ. ಕ್ಯಾಮೆರಾದ ಮೈಕನ್ನು ನಂಬಬೇಡಿ. ಮೈಕಿನ ದೂರ ಎರಡು ಪಟ್ಟಾದರೆ ಮಾತು ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಕೋಣೆಯ ಪ್ರತಿಧ್ವನಿ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಕೋಲಿಗೆ ಕಟ್ಟಿದ ಮೈಕನ್ನು ತಲೆಯ ಮೇಲಿಂದ ಇಳಿಸುತ್ತಾ ಬನ್ನಿ. ಅದು ಫ್ರೇಮಿನಲ್ಲಿ ಕಂಡ ಕೂಡಲೇ ನಾಲ್ಕು ಬೆರಳು ಮೇಲೆತ್ತಿ. ಅದೇ ಸರಿಯಾದ ಜಾಗ. ಮೈಕಿನ ಮುಖ ನಟರ ಎದೆಯ ಮೇಲ್ಭಾಗದ ಕಡೆಗಿರಲಿ. ಕೋಲು ಹಿಡಿಯುವವರಿಲ್ಲವೇ? ವೈರ್ ಇರುವ ಕಾಲರ್ ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ, ನಟರ ಜೇಬಿನಲ್ಲಿರುವ ಇನ್ನೊಂದು ಫೋನಿಗೆ ಜೋಡಿಸಿ. ತೀರಾ ಅಗ್ಗದ ವೈರ್‌ಲೆಸ್ ಮೈಕಿಗಿಂತ ಇದೇ ವಾಸಿ. ಆ ಮೈಕುಗಳ ಮಾತು ನಡುನಡುವೆ ಕಡಿದುಹೋಗುತ್ತದೆ. ಹೊರಗೆ ಗಾಳಿ ಇದ್ದರೆ ಸ್ಪಂಜಿನ ಟೋಪಿ ಸಾಲದು, ತುಪ್ಪಳದ್ದೇ ಹಾಕಿ.

ಹಂತ 5: ಆಟೋ ಗೇನ್ (ರೆಕಾರ್ಡಿಂಗ್ ಮಟ್ಟವನ್ನು ತಾನೇ ಏರಿಳಿಸುವ ಸೆಟ್ಟಿಂಗ್) ಆಫ್ ಮಾಡಿ. ಇಲ್ಲದಿದ್ದರೆ ಮಾತು ನಿಂತಾಗಲೆಲ್ಲ ಹಿನ್ನೆಲೆಯ ಸದ್ದು ತಾನಾಗಿ ಏರುತ್ತದೆ. ನಟರಿಂದ ಅತಿ ಜೋರಿನ ಸಾಲನ್ನೇ ಹೇಳಿಸಿ, ಅದು ರೆಕಾರ್ಡಿಂಗ್ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಹತ್ತಿರ ನಿಲ್ಲುವಂತೆ ಗೇನ್ ಇಡಿ. ಸೊನ್ನೆ ಮುಟ್ಟಿದರೆ ಮಾತು ಒಡೆಯುತ್ತದೆ. ಒಬ್ಬರು ಪೂರ್ತಿ ಹೊತ್ತು ಹೆಡ್‌ಫೋನ್ ಹಾಕಿ ಕೇಳುತ್ತಿರಬೇಕು (ಜೇಬಿನ ಫೋನಾದರೆ ಪ್ರತಿ ಟೇಕ್ ಮುಗಿದ ಕೂಡಲೇ), ಇದರಲ್ಲಿ ರಾಜಿ ಬೇಡ. ಕಾಲರ್ ಮೈಕಿಗೆ ಅಂಗಿ ಉಜ್ಜಿದ ಸದ್ದು ಅಲ್ಲೇ ಗೊತ್ತಾಗುತ್ತದೆ. ‘ಎಡಿಟಿಂಗ್‌ನಲ್ಲಿ ಸರಿ ಮಾಡ್ಕೊಳ್ಳೋಣ’ ಅನ್ನಬೇಡಿ. ಸದ್ದು ಅಳಿಸುವ ಸಾಫ್ಟ್‌ವೇರನ್ನು ಜಾಸ್ತಿ ಬಳಸಿದರೆ ಮಾತು ನೀರಿನೊಳಗಿಂದ ಬಂದಂತೆ ಆಗುತ್ತದೆ.

ಹಂತ 6: ದೃಶ್ಯ ಬೇರೆ, ಧ್ವನಿ ಬೇರೆ ರೆಕಾರ್ಡ್ ಆಗುವಾಗ ಎರಡೂ ಶುರುವಾದ ಮೇಲೆ, ಪ್ರತಿ ಟೇಕಿನ ಮೊದಲು ಕ್ಯಾಮೆರಾ ಎದುರು ಒಂದು ಚಪ್ಪಾಳೆ. ಎಡಿಟಿಂಗ್‌ನಲ್ಲಿ ಕೈ ಕೂಡಿದ ಫ್ರೇಮಿಗೆ ಆ ಸದ್ದನ್ನು ಹೊಂದಿಸಿದರೆ ಆಯಿತು.

ಕೋಣೆ ಬಿಡುವ ಮೊದಲು ಎಲ್ಲರೂ ಅಲುಗಾಡದೆ ನಿಂತು, 30 ಸೆಕೆಂಡ್ ಬರೀ ಮೌನವನ್ನು ರೆಕಾರ್ಡ್ ಮಾಡಿ. ಮಾತು ಕತ್ತರಿಸಿದ ಕಡೆ ತುಂಬಲು ಅದೇ ಬೇಕು. ಆಮೇಲೆ ಫ್ರಿಜ್ಜಿನಿಂದ ಕೀ ತೆಗೆದುಕೊಳ್ಳಿ.