ಅಂಚೆ ಪೆಟ್ಟಿಗೆಯ ಮೇಲೊಂದು ಹೆಸರು

ಜರ್ಮನಿಯ ಲೈಪ್‌ಜಿಗ್‌ನಲ್ಲಿ ಪ್ರತಿ ಶನಿವಾರ ನಿರಾಶ್ರಿತರ ವಸತಿಗೃಹಕ್ಕೆ ಹೋಗಿ ಅವರಿಗೆ ಬಂದ ಪತ್ರಗಳನ್ನು ಓದಿ ಹೇಳುತ್ತೇನೆ. ಇಲ್ಲಿನ ಕನ್ನಡಿಗ ಗೆಳೆಯರು ತಾವೂ ಬರುತ್ತೇವೆ ಎನ್ನುತ್ತಾರೆ. ಬನ್ನಿ, ಆದರೆ ಹಳೆಯ ಬಟ್ಟೆಯ ಮೂಟೆ ಬೇಡ, ಒಂದು ದಪ್ಪ ಫೈಲು ತನ್ನಿ. ನೂರಾರು ಜನರಿರುವ ಕಡೆ ಅಂಚೆ ಕಳೆದುಹೋಗುತ್ತದೆ. ಭತ್ಯೆ ಕೊಡುವ ಸರ್ಕಾರಿ ಕಚೇರಿಯಾದ ಜಾಬ್‌ಸೆಂಟರ್ ಕರೆದ ದಿನ ಹೋಗದಿದ್ದರೆ ಭತ್ಯೆಗೇ ಕತ್ತರಿ ಬೀಳಬಹುದು. ಬಂದ ಪತ್ರವನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ.

ಆಶ್ರಯ ಮಂಜೂರಾದವರು ಸಾಮಾನ್ಯವಾಗಿ ಮೂರು ವರ್ಷ, ಅರ್ಜಿ ನಡೆಯುವಾಗ ತಮ್ಮನ್ನು ಇರಿಸಿದ ರಾಜ್ಯದಲ್ಲೇ ಇರಬೇಕು. ಬೇರೆ ರಾಜ್ಯವಾದ ಬರ್ಲಿನ್‌ನಲ್ಲಿ ನೆಂಟರಿದ್ದಾರೆಂದು ಅಲ್ಲಿ ಮನೆ ಹುಡುಕುವ ಮೊದಲು ಇದನ್ನು ವಿಚಾರಿಸಿ.

ಮನೆಯ ಮಾಲೀಕರು ಮೂರು ತಿಂಗಳ ಸಂಬಳದ ಚೀಟಿ ಕೇಳುತ್ತಾರೆ. ಹಾಗಾಗಿ ಜರ್ಮನ್ ಪೂರ್ತಿ ಬರಲಿ, ಆಮೇಲೆ ಕೆಲಸ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಸರ್ಕಾರಿ ತರಗತಿಯಲ್ಲಿ ಭಾಷೆಗೇ 600 ಪಾಠಗಳಿವೆ. ಸಿರಿಯಾದ ಅಲೆಪ್ಪೊದ ದರ್ಜಿಯೊಬ್ಬರು ಬೆಳಗ್ಗೆ ಪಾಠಕ್ಕೆ ಹೋಗಿ, ಮಧ್ಯಾಹ್ನ ತಾವೇ ಹೊಲಿದ ಕೋಟು ಹಿಡಿದು ನನ್ನೊಂದಿಗೆ ಅಂಗಡಿಗಳನ್ನು ಸುತ್ತಿದರು. ನಾಲ್ಕನೆಯ ಅಂಗಡಿಯವರು ಕೋಟಿನ ಒಳಮಗ್ಗುಲು ತಿರುಗಿಸಿ ನೋಡಿ, ಸೋಮವಾರ ಬನ್ನಿ ಎಂದರು. ಅರ್ಜಿಯಲ್ಲಿ ಆ ಹೊಲಿಗೆ ಕಾಣುತ್ತಿತ್ತೇ? ಸಂಪಾದನೆ ಶುರುವಾದ ಕೂಡಲೇ ಜಾಬ್‌ಸೆಂಟರ್‌ಗೆ ತಿಳಿಸಿ. ಮುಚ್ಚಿಟ್ಟರೆ ಕೊಟ್ಟ ಹಣವನ್ನು ವಾಪಸು ಕೇಳುತ್ತಾರೆ.

ಮನೆ ಸಿಕ್ಕಿತೆಂದು ಕೂಡಲೇ ಸಹಿ ಹಾಕಿಸಬೇಡಿ. ಬಾಡಿಗೆಯ ವಿವರವನ್ನು ಜಾಬ್‌ಸೆಂಟರ್‌ಗೆ ಕೊಟ್ಟು ಲಿಖಿತ ಒಪ್ಪಿಗೆ ಪಡೆದ ಮೇಲೆಯೇ ಕರಾರು. ಒಮ್ಮೆ ಮನೆ ಕೈತಪ್ಪೀತೆಂದು ನಾನೇ ಆತುರಪಟ್ಟೆ. ಅಡ್ವಾನ್ಸಿಗೆ ಜಾಬ್‌ಸೆಂಟರ್‌ನಿಂದ ಸಾಲ ಸಿಗಲಿಲ್ಲ, ನಾವು ಐದಾರು ಮಂದಿ ಚಂದಾ ಎತ್ತಿದೆವು. ಬೆಂಗಳೂರಿನಂತೆ ಹತ್ತು ತಿಂಗಳ ಅಡ್ವಾನ್ಸ್ ಇಲ್ಲಿಲ್ಲ ನಿಜ, ಕಾನೂನಿನ ಮಿತಿ ಮೂರು ತಿಂಗಳ ಬಾಡಿಗೆ. ಆದರೆ ಕೈಯಲ್ಲಿ ಕಾಸಿಲ್ಲದವರಿಗೆ ಅದೂ ಬೆಟ್ಟವೇ. ಮನೆ ತೋರಿಸದೆ ಅಡ್ವಾನ್ಸ್ ಕೇಳಿದರೆ ಅದು ಮೋಸ.

ಇನ್ನು ಅಡುಗೆಮನೆ. ಇಲ್ಲಿ ಎಷ್ಟೋ ಬಾಡಿಗೆ ಮನೆಗಳಲ್ಲಿ ಒಲೆಯಿರಲಿ, ಪಾತ್ರೆ ತೊಳೆಯುವ ಸಿಂಕ್ ಕೂಡ ಇರುವುದಿಲ್ಲ. ಗೋಡೆಯಿಂದ ಎರಡು ಕೊಳವೆ ಚಾಚಿಕೊಂಡಿರುತ್ತವೆ, ಅಷ್ಟೇ. ಮೊದಲ ಸಲದ ಸಾಮಾನಿಗೆ ಜಾಬ್‌ಸೆಂಟರ್‌ನಿಂದ ನೆರವುಂಟು, ಆದರೆ ಕೊಳ್ಳುವ ಮುನ್ನವೇ ಅರ್ಜಿ ಹಾಕಬೇಕು.

ಕೀಲಿ ಕೈಗೆ ಬಂದ ದಿನವೇ ಅಂಚೆ ಪೆಟ್ಟಿಗೆ ಮತ್ತು ಕರೆಗಂಟೆಯ ಮೇಲೆ ಹೆಸರು ಅಂಟಿಸಿ, ಗುರುತಿನ ಕಾರ್ಡಿನಲ್ಲಿರುವ ಅಕ್ಷರಗಳಲ್ಲೇ. ಹೆಸರಿಲ್ಲದ ಪೆಟ್ಟಿಗೆಗೆ ಅಂಚೆಯವರು ಪತ್ರ ಹಾಕುವುದಿಲ್ಲ. ದರ್ಜಿಯವರು ಮಾತ್ರ ಕಾಗದ ಅಂಟಿಸಲಿಲ್ಲ. ಬಿಳಿ ಬಟ್ಟೆಯ ಪಟ್ಟಿಗೆ ನೀಲಿ ದಾರದಲ್ಲಿ ಹೆಸರು ಹೊಲಿದು ತಂದಿದ್ದರು.