ಸೋಲೋ ಕೇಳಿಸಲಿಲ್ಲವೆಂದ ಮೇಲೆ

ಕಳೆದ ನವೆಂಬರಿನಲ್ಲಿ ಮುಂಬಯಿಯ ಕನ್ನಡ ಸಂಘವೊಂದರ ರಾಜ್ಯೋತ್ಸವ ಕಾರ್ಯಕ್ರಮದಲ್ಲಿ ನಮ್ಮ ತಂಡ ಎಂಟು ಹಾಡುಗಳನ್ನು ನುಡಿಸಿತು. ಅದರಲ್ಲಿ ಎಲೆಕ್ಟ್ರಿಕ್ ಗಿಟಾರ್ ನನ್ನದು. ವೇದಿಕೆಯಿಂದ ಇಳಿದು ಬಂದಾಗ, ಮಿಕ್ಸರ್ ನೋಡಿಕೊಳ್ಳುತ್ತಿದ್ದ ಕಾರ್ಕಳ ಕಡೆಯ ಹಿರಿಯರು, “ನಿಮ್ಮ ಕೈ ಓಡುವುದು ಕಾಣುತ್ತಿತ್ತು ಮಾರಾಯ್ರೆ, ಸೋಲೋ ಮಾತ್ರ ಕೇಳಿಸಲಿಲ್ಲ” ಎಂದರು. ಸೋಲೋಗೆಂದೇ, ಅಂದರೆ ಗಿಟಾರ್ ಒಂಟಿಯಾಗಿ ಮುಂದೆ ಬರುವ ಭಾಗಕ್ಕೆಂದೇ, ನಾನು ಒಂದು ಸ್ವಿಚ್ಚನ್ನು ಮೀಸಲಿಟ್ಟಿದ್ದೆ, ಪ್ರತಿ ಸಲವೂ ಮರೆಯದೆ ಅದನ್ನು ತುಳಿದೂ ಇದ್ದೆ. ಹಾಗಿದ್ದರೂ ಹೀಗೇಕಾಯಿತೆಂದು ಹುಡುಕಿಕೊಂಡು ಹೋದಾಗ ತಪ್ಪು ನನ್ನ ಜೋಡಣೆಯಲ್ಲೇ ಸಿಕ್ಕಿತು.

ಲೋಕಲ್ ರೈಲಿನಲ್ಲಿ ವಾಲ್ವ್ ಆಂಪ್ (ಗಿಟಾರಿನ ಶಬ್ದವನ್ನು ದೊಡ್ಡದು ಮಾಡುವ ಪೆಟ್ಟಿಗೆ) ಹೊತ್ತು ತಿರುಗುವುದು ಆಗದ ಮಾತಾದ್ದರಿಂದ, ಬೆನ್ನಚೀಲದಲ್ಲಿ ಹಿಡಿಸುವ ಎಚ್‌ಎಕ್ಸ್ ಸ್ಟಾಂಪ್ ಎಂಬ, ಆಂಪು ಪೆಡಲುಗಳ ನಾದವನ್ನು ಅನುಕರಿಸುವ ಡಿಜಿಟಲ್ ಮಾಡೆಲರನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಅದರಲ್ಲಿ ಒಂದು ಪ್ರಿಸೆಟ್ಟಿಗೆ (ಉಳಿಸಿಟ್ಟ ಒಂದು ಜೋಡಣೆಗೆ) ಮೊದಲು 6 ಬ್ಲಾಕುಗಳಷ್ಟೇ ಸಿಗುತ್ತಿದ್ದವು. ಒಂದೊಂದು ಬ್ಲಾಕೂ ಒಂದು ಆಂಪ್ ಅಥವಾ ಪೆಡಲಿನಂಥ ಒಂದು ಘಟಕ. 2020ರಲ್ಲಿ ಬಂದ, ಯಂತ್ರದೊಳಗಿನ ತಂತ್ರಾಂಶವಾದ 3.0 ಫರ್ಮ್‌ವೇರಿನಿಂದ ಅದು 8ಕ್ಕೆ ಏರಿತು. ನಾನು ಸೋಲೋಗಾಗಿ ತುಳಿಯುತ್ತಿದ್ದುದು ಆಂಪಿಗೆ ಮುಂಚೆ ಇಟ್ಟಿದ್ದ, ನಾದವನ್ನು ಒರಟಾಗಿಸುವ ಟ್ಯೂಬ್ ಸ್ಕ್ರೀಮರಿನ ಮಾದರಿಯ ಪೆಡಲನ್ನು. ಅದರ ಲೆವೆಲ್ ಗುಂಡಿಯನ್ನು ಪೂರ್ತಿ ತಿರುಗಿಸಿ ನಿಶ್ಚಿಂತನಾಗಿದ್ದೆ.

ಎಡವಿದ್ದು ಇಲ್ಲಿಯೇ. ಗೇನ್, ಅಂದರೆ ಸಿಗ್ನಲನ್ನು ಹಿಗ್ಗಿಸುವ ಪ್ರಮಾಣ, ಹೆಚ್ಚಿಸಿಟ್ಟ ಆಂಪ್ ಅಲೆಯ ಶಿಖರಗಳನ್ನು ಆಗಲೇ ಕತ್ತರಿಸುತ್ತಿರುತ್ತದೆ. ಅಂಥದ್ದರೊಳಕ್ಕೆ ಎಷ್ಟು ಹೆಚ್ಚು ಸಿಗ್ನಲ್ ನೂಕಿದರೂ ಕತ್ತರಿಸಿಹೋಗುವ ಭಾಗ ಬೆಳೆಯುತ್ತದೆಯೇ ಹೊರತು ಹೊರಬರುವ ಅಲೆಯ ಎತ್ತರ ಬೆಳೆಯುವುದಿಲ್ಲ. ನಾದ ದೀರ್ಘವಾಗುತ್ತದೆ, ಒರಟಾಗುತ್ತದೆ, ಬೆರಳಿಗೆ ಹಿತವಾಗಿಯೂ ಇರುತ್ತದೆ. ಆ ಹಿತವನ್ನೇ ನಾನು ವಾಲ್ಯೂಮ್ ಎಂದು ತಿಳಿದಿದ್ದೆ. ಮನೆಯಲ್ಲಿ ರೆಕಾರ್ಡ್ ಮಾಡಿ ನೋಡಿದಾಗ, ಪೆಡಲ್ ಇದ್ದಾಗಲೂ ಇಲ್ಲದಾಗಲೂ ಮೀಟರ್ ಹೆಚ್ಚುಕಡಿಮೆ ಒಂದೇ ಕಡೆ ನಿಂತಿತ್ತು. ಸ್ವಚ್ಛ ಸ್ವರದ ಆಂಪಿನ ಮುಂದೆಯಾದರೆ ಅದೇ ಪೆಡಲ್ ನಿಜವಾಗಿಯೂ ಶಬ್ದವನ್ನು ಏರಿಸುತ್ತದೆ ಎಂಬುದನ್ನೂ ಹೇಳಬೇಕು.

ಆದ್ದರಿಂದ ಶಬ್ದವನ್ನು ಏರಿಸುವ ಕೆಲಸವನ್ನು ಆಂಪಿನ ನಂತರದ ಜಾಗಕ್ಕೆ ಸಾಗಿಸಿದೆ. ಈಗಿನ ಸರಣಿಯಲ್ಲಿ ಪೆಡಲ್, ಆಂಪ್, ಕ್ಯಾಬ್ (ಸ್ಪೀಕರ್ ಪೆಟ್ಟಿಗೆಯ ಮಾದರಿ), ಅದರ ನಂತರ ಕೇವಲ ಮಟ್ಟವನ್ನು ಬದಲಿಸುವ ಗೇನ್ ಬ್ಲಾಕ್, ಈಕ್ಯೂ (ಮಂದ್ರ, ಮಧ್ಯ, ತೀಕ್ಷ್ಣ ಸ್ವರಗಳನ್ನು ಬೇರೆಬೇರೆಯಾಗಿ ಏರಿಳಿಸುವುದು), ಡಿಲೇ (ಪ್ರತಿಧ್ವನಿ), ರಿವರ್ಬ್ (ಕೋಣೆಯ ಅನುರಣನ), ಹೀಗೆ ಏಳು ಬ್ಲಾಕುಗಳಿವೆ. ಗೇನ್ ಬ್ಲಾಕನ್ನು ಕೊನೆಯಲ್ಲಿ ಇಡುವುದೇ ಸುಲಭವೆಂದು ಮೊದಲು ಹಾಗೆಯೇ ಮಾಡಿದ್ದೆ. ಆದರೆ ಸೋಲೋ ಮುಗಿಸಿ ಸ್ವಿಚ್ ತುಳಿದ ಕ್ಷಣದಲ್ಲಿ, ಇನ್ನೂ ಕರಗುತ್ತಿದ್ದ ಡಿಲೇಯ ಪ್ರತಿಧ್ವನಿಗಳೂ ಒಮ್ಮೆಲೇ ಕುಗ್ಗಿ, ಯಾರೋ ಬಾಯಿ ಮುಚ್ಚಿದಂತೆ ಕೇಳುತ್ತಿತ್ತು. ಗೇನನ್ನು ಡಿಲೇಗೆ ಮುಂಚೆ ಇಟ್ಟ ಮೇಲೆ, ಆಗಲೇ ಹುಟ್ಟಿದ ಪ್ರತಿಧ್ವನಿಗಳು ತಮ್ಮಷ್ಟಕ್ಕೆ ಇಳಿದು ಹೋಗುತ್ತವೆ.

ಗೇನ್, ಈಕ್ಯೂ ಮತ್ತು ಡಿಲೇ ಮೂರೂ ಒಟ್ಟಿಗೆ ಬದಲಾಗಬೇಕಾದ್ದರಿಂದ, ಒಂದೇ ಪ್ರಿಸೆಟ್ಟಿನೊಳಗೆ ಹಲವು ಮೌಲ್ಯಗಳನ್ನು ಒಮ್ಮೆಲೇ ಬದಲಿಸುವ ಸ್ನ್ಯಾಪ್‌ಶಾಟ್ ಬಳಸಿದೆ. ಪ್ರಿಸೆಟ್ಟನ್ನೇ ಬದಲಿಸಿದರೆ ನಡುವೆ ಶಬ್ದ ಕ್ಷಣಕಾಲ ಕಡಿಯುತ್ತದೆ. ಸ್ನ್ಯಾಪ್‌ಶಾಟಿನಲ್ಲಿ ಆ ತೊಂದರೆಯಿಲ್ಲ. ಗುಂಡಿಯನ್ನು ಒತ್ತಿ ಹಿಡಿದೇ ತಿರುಗಿಸಿದರೆ ಆ ಮೌಲ್ಯ ಸ್ನ್ಯಾಪ್‌ಶಾಟಿಗೆ ಅಂಟಿಕೊಳ್ಳುತ್ತದೆ.

ಎಷ್ಟು ಡೆಸಿಬಲ್ ಎಂಬ ಪ್ರಶ್ನೆಗೆ ಮನೆಯಲ್ಲಿ ಉತ್ತರ ಸಿಗಲಿಲ್ಲ. ಗೋಡೆಗೆ ಗೋಡೆ ಅಂಟಿದ ನಮ್ಮ ಫ್ಲ್ಯಾಟಿನಲ್ಲಿ ನುಡಿಸುವುದೆಲ್ಲ ಪಿಸುದನಿಯಲ್ಲೇ. ಮಂದ ಶಬ್ದದಲ್ಲಿ ಕಿವಿಗೆ ಮಂದ್ರವೂ ಅತಿ ತೀಕ್ಷ್ಣ ಸ್ವರಗಳೂ ಕಡಿಮೆ ಕೇಳುತ್ತವೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ರೇಖೆಗಳ ಮೂಲಕ ತೋರಿಸಿದ್ದಾರೆ. ಆ ಕೊರತೆಯನ್ನು ತುಂಬಲೆಂದು ಮನೆಯಲ್ಲಿ ನಾನು ಬಾಸ್ ಮತ್ತು ಟ್ರೆಬಲ್ ಏರಿಸಿ, ಮಧ್ಯದ ಸ್ವರಗಳನ್ನು ತಗ್ಗಿಸಿದ್ದೆ. ಸಭಾಂಗಣದಲ್ಲಿ ಅದೇ ನಾದದ ಬುಡ ಬಾಸ್ ಗಿಟಾರಿನೊಳಗೆ, ತುದಿ ಸಿಂಬಲ್‌ಗಳೊಳಗೆ ಮುಳುಗಿಹೋಗಿತ್ತು. ಅಂಧೇರಿಯ ಜ್ಯಾಮ್ ರೂಮಿಗೆ ಎರಡು ಗಂಟೆಯ ಬಾಡಿಗೆ ಕೊಟ್ಟು, ಇಡೀ ತಂಡವನ್ನು ನುಡಿಸಲು ಹಚ್ಚಿ, ಮಟ್ಟವನ್ನು ಒಂದೊಂದೇ ಡೆಸಿಬಲ್ ಏರಿಸುತ್ತಾ ಹೋದೆ. ಎರಡು ಡೆಸಿಬಲ್ ಏರಿಸಿದ್ದು ಯಾರ ಗಮನಕ್ಕೂ ಬರಲಿಲ್ಲ, ಆರಕ್ಕೆ ಗಾಯಕಿ ಹಿಂತಿರುಗಿ ನೋಡಿದರು, ನಾಲ್ಕು ಸರಿಯಾಯಿತು. ಜೊತೆಗೆ ಈಕ್ಯೂನಲ್ಲಿ 1 ಕಿಲೋಹರ್ಟ್ಜ್ ಆಸುಪಾಸಿಗೆ ಎರಡೂವರೆ ಡೆಸಿಬಲ್ ಸೇರಿಸಿ, 100 ಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸಿದೆ. ನನ್ನ ಮಟ್ಟಿಗೆ ಸೋಲೋವನ್ನು ಮುಂದಕ್ಕೆ ತಂದದ್ದರಲ್ಲಿ ಅರ್ಧದಷ್ಟು ಪಾಲು ಈ ಮಧ್ಯಸ್ವರದ್ದೇ.

ಇನ್ನೊಂದು ತಿದ್ದುಪಡಿ ಆ ಕಾರ್ಕಳದ ಹಿರಿಯರದೇ ಸಲಹೆ. ಸೋಲೋವನ್ನು ಏರಿಸುವ ಬದಲು ಉಳಿದ ವೇಳೆ ನೀವೇ ತಗ್ಗಿರಿ ಎಂದು ಅವರು ಹೇಳಿದಾಗ, ಯಕ್ಷಗಾನದಲ್ಲಿ ಭಾಗವತರ ದನಿಗೆ ಎಡೆಗೊಟ್ಟು ಚೆಂಡೆ ಹಿಂದೆ ಸರಿಯುವುದು ನೆನಪಾಯಿತು. ಈಗ ಗೇನ್ ಬ್ಲಾಕ್ ಸೋಲೋದಲ್ಲಿ ಸೊನ್ನೆಯಲ್ಲಿರುತ್ತದೆ, ರಿದಮ್‌ನಲ್ಲಿ, ಅಂದರೆ ಹಾಡಿನ ಹಿಂದೆ ನುಡಿಸುವಾಗ, −4ಕ್ಕೆ ಇಳಿಯುತ್ತದೆ. ವ್ಯತ್ಯಾಸ ಅಷ್ಟೇ ಆದರೂ ಗಾಯಕಿಗೆ ಜಾಗ ಸಿಕ್ಕಿದೆ, ಸೋಲೋ ಬಂದಾಗ ಶಬ್ದ ಮಿತಿಮೀರಿತೆಂದು ಹೇಳುವ ಮಿಕ್ಸರಿನ ಕೆಂಪು ದೀಪವೂ ಹೊತ್ತುವುದಿಲ್ಲ.

ಸೌಂಡ್ ಚೆಕ್ಕಿನಲ್ಲಿ ಈಗ ಸೋಲೋ ಸ್ನ್ಯಾಪ್‌ಶಾಟನ್ನೇ ಮೊದಲು ನುಡಿಸಿ, ಮಟ್ಟವನ್ನು ಅದಕ್ಕೆ ಹೊಂದಿಸುವಂತೆ ಕೇಳಿಕೊಳ್ಳುತ್ತೇನೆ. ಗಿಟಾರಿನ ಚಾನೆಲ್ಲಿಗೆ, ಜೋರಾದ ಶಬ್ದವನ್ನು ತಾನಾಗಿಯೇ ತಗ್ಗಿಸುವ ಕಂಪ್ರೆಸರನ್ನು ಬಿಗಿಯಾಗಿ ಹಾಕಬೇಡಿ ಎಂದೂ ಹೇಳುತ್ತೇನೆ, ಏಕೆಂದರೆ ನಾನು ಏರಿಸಿದ ನಾಲ್ಕು ಡೆಸಿಬಲ್ಲನ್ನು ಅದು ಸದ್ದಿಲ್ಲದೆ ನುಂಗಿಬಿಡುತ್ತದೆ. ಚೆಕ್ ಮುಗಿದ ಕೂಡಲೇ ಸೇವ್ ಗುಂಡಿ ಒತ್ತುವುದನ್ನು ಕಲಿತದ್ದು ಮಾತ್ರ ಪುಣೆಯ ಒಂದು ಕಾರ್ಯಕ್ರಮದಲ್ಲಿ. ಅರ್ಧ ಗಂಟೆ ಕೂತು ಹೊಂದಿಸಿದ ಮಟ್ಟಗಳೆಲ್ಲ ನಾನು ಟ್ಯೂನ್ ಸರಿಯಿದೆಯೇ ನೋಡಲೆಂದು ಬೇರೆ ಪ್ರಿಸೆಟ್ಟಿಗೆ ಹೋಗಿ ಬರುವಷ್ಟರಲ್ಲಿ ಅಳಿಸಿಹೋಗಿದ್ದವು, ಪರದೆ ಆಗಲೇ ಮೇಲೇಳುತ್ತಿತ್ತು.