ಹೆಬ್ಬೆರಳಿನಿಂದ ಶುರು: ಅಕೌಸ್ಟಿಕ್ ಬ್ಲೂಸ್ ಕಮ್ಮಟಕ್ಕೆ ನಾನು ಮಾಡಿಕೊಳ್ಳುವ ತಯಾರಿ

ಅಕೌಸ್ಟಿಕ್ ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರ ಬ್ಲೂಸ್ ಹಾಡುಗಳನ್ನು ವಿದ್ಯುತ್ ಇಲ್ಲದ ಗಿಟಾರಿನಲ್ಲಿ ನುಡಿಸುವುದು. ಅದನ್ನು ಕಲಿಯಲು ಬರುವವರ ಕಣ್ಣು ಸಾಮಾನ್ಯವಾಗಿ ಎಡಗೈ ಮೇಲೇ ಇರುತ್ತದೆ. ಯಾವ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗುಚ್ಛ), ಯಾವ ಫ್ರೆಟ್ (ದಂಡದ ಮೇಲಿನ ಅಡ್ಡ ಕಂಬಿ), ಯಾವ ಸ್ಕೇಲ್ (ಸ್ವರಸಾಲು) ಎಂದೇ ವಿಚಾರಣೆ. ಈ ಸಂಗೀತದಲ್ಲಿ ಆಫ್ರಿಕಾ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಬಲಗೈ ಹೆಬ್ಬೆರಳನ್ನು. ಅದು ಹದಕ್ಕೆ ಬಾರದೆ ಕಮ್ಮಟಕ್ಕೆ ಹೋದರೆ ಇಡೀ ವಾರ ಅದನ್ನು ತಿದ್ದುವುದರಲ್ಲೇ ಕಳೆದುಹೋಗುತ್ತದೆ.

ಕಮ್ಮಟ ಅಂದರೆ ಅಮೆರಿಕದಲ್ಲಿ ಬೇಸಿಗೆಯಲ್ಲಿ ನಡೆಯುವ ವಾರದ ಶಿಬಿರಗಳು. ವಾಷಿಂಗ್ಟನ್ ರಾಜ್ಯದ ಪೋರ್ಟ್ ಟೌನ್‌ಸೆಂಡ್‌ನಲ್ಲಿ, ಹಳೆಯ ಸೇನಾ ನೆಲೆ ಫೋರ್ಟ್ ವರ್ಡನ್ ಒಳಗೆ ಸೆಂಟ್ರಮ್ ಸಂಸ್ಥೆ ನಡೆಸುವ ಅಕೌಸ್ಟಿಕ್ ಬ್ಲೂಸ್ ಉತ್ಸವ ಇವುಗಳಲ್ಲಿ ಹೆಸರಾದದ್ದು. ಹಾರ್ಮೋನಿಕಾದ ಫಿಲ್ ವಿಗಿನ್ಸ್, ಗಿಟಾರಿನ ಕೋರಿ ಹ್ಯಾರಿಸ್ ಇಬ್ಬರೂ ಬೇರೆ ಬೇರೆ ಕಾಲದಲ್ಲಿ ಅದರ ಕಲಾ ನಿರ್ದೇಶಕರಾಗಿದ್ದವರು. ವೆಸ್ಟ್ ವರ್ಜೀನಿಯಾದ ಎಲ್ಕಿನ್ಸ್‌ನಲ್ಲಿ ಆಗಸ್ಟಾ ಕೇಂದ್ರದ ಬ್ಲೂಸ್ ವಾರವೂ ಇದೇ ಬಗೆಯದು. ಹಗಲಿಗೆ ತರಗತಿ, ರಾತ್ರಿ ಊಟದ ನಂತರ ಜಾಮ್ (ಎಲ್ಲರೂ ಕೂತು ಕೂಡಿ ನುಡಿಸುವುದು), ಕೊನೆಗೆ ಸಾರ್ವಜನಿಕ ಕಛೇರಿ. ಮೇಷ್ಟ್ರುಗಳಲ್ಲಿ ಹಲವರು ಬರೆದದ್ದನ್ನು ಕೊಡುವುದಿಲ್ಲ. ನುಡಿಸಿ ತೋರಿಸುತ್ತಾರೆ, ಕೇಳಿ ಹಿಡಿದುಕೊಳ್ಳಬೇಕು.

ಹೆಬ್ಬೆರಳಿಗೆ ಯಾಕಿಷ್ಟು ಮಹತ್ವ? 1739ರ ಸ್ಟೋನೋ ದಂಗೆಯಲ್ಲಿ ಆಫ್ರಿಕಾ ಮೂಲದ ಗುಲಾಮರು ಡೋಲು ಬಾರಿಸುತ್ತ ಸಾಗಿದ್ದರು. ಮರುವರ್ಷ ಸೌತ್ ಕೆರೊಲೈನಾದ ಕಾನೂನು ಗುಲಾಮರು ಡೋಲು, ಕೊಂಬು ಇಟ್ಟುಕೊಳ್ಳುವುದನ್ನೇ ನಿಷೇಧಿಸಿತು. ಡೋಲು ಹೋದರೂ ಲಯ ಹೋಗಲಿಲ್ಲ: ತೊಡೆ ತಟ್ಟುವುದರಲ್ಲಿ, ಕಾಲು ಕುಟ್ಟುವುದರಲ್ಲಿ, ಬ್ಯಾಂಜೋ ಮತ್ತು ಮುಂದೆ ಗಿಟಾರ್ ನುಡಿಸುವ ಕೈಯಲ್ಲಿ ಉಳಿಯಿತು. ಎಲ್ಲ ಕಡೆ ಡೋಲು ಅಳಿಯಿತು ಅನ್ನುವುದೂ ಸರಿಯಲ್ಲ. ಉತ್ತರ ಮಿಸಿಸಿಪ್ಪಿಯಲ್ಲಿ ಓಥಾ ಟರ್ನರ್ 2003ರಲ್ಲಿ ತೀರಿಕೊಳ್ಳುವವರೆಗೂ ಬಿದಿರಿನ ಕೊಳಲು, ಡೋಲುಗಳ ಮೇಳ ನಡೆಸಿದ್ದರು. ಮೊಮ್ಮಗಳು ಶಾರ್ಡೆ ಥಾಮಸ್ ಅದನ್ನು ಮುಂದುವರಿಸಿದರು. ಆ ಮೇಳದ ಧ್ವನಿಮುದ್ರಣ ಕೇಳಿದ ಮೇಲೆ ಗಿಟಾರ್ ಹಿಡಿದರೆ ಕೈ ಬೇರೆಯೇ ಥರ ಓಡುತ್ತದೆ.

ಈಗ ಅಭ್ಯಾಸ. ತಂತಿಗಳಲ್ಲಿ 6ನೆಯದು ಎಲ್ಲಕ್ಕಿಂತ ದಪ್ಪ, 1ನೆಯದು ತೆಳು. ಮೆಟ್ರೋನೋಮ್ (ಲಯಕ್ಕೆ ಟಿಕ್ ಎನ್ನುವ ಯಂತ್ರ) ನಿಮಿಷಕ್ಕೆ 60ಕ್ಕೆ ಇಟ್ಟು ಸಿ ಕಾರ್ಡ್ ಹಿಡಿದು ಹೆಬ್ಬೆರಳೊಂದರಲ್ಲೇ 5ನೇ ತಂತಿ, 4ನೇ ತಂತಿ, ಮತ್ತೆ 5, ಮತ್ತೆ 4. ಒಂದು ಟಿಕ್‌ಗೆ ಒಂದು ಮೀಟು. ಇದು ಕೂತ ಮೇಲೆ 5-4-6-4. ಆರನೇ ತಂತಿಗೆ ಬರುವಾಗ ಉಂಗುರ ಬೆರಳನ್ನು 5ನೇ ತಂತಿಯ 3ನೇ ಫ್ರೆಟ್‌ನಿಂದ 6ನೇ ತಂತಿಯ 3ನೇ ಫ್ರೆಟ್‌ಗೆ ದಾಟಿಸಿ ವಾಪಸ್ ತರಬೇಕು. ಇ ಕಾರ್ಡ್‌ಗೆ ಮತ್ತು ಜಿ ಕಾರ್ಡ್‌ಗೆ 6-4, ಎ ಕಾರ್ಡ್‌ಗೆ 5-4. ಪರೀಕ್ಷೆ ಸುಲಭ: ಹೆಬ್ಬೆರಳು ಓಡುತ್ತಿರುವಾಗ ಪಕ್ಕದವರೊಡನೆ ಮನೆಯ ಮಾತು ಆಡಿ ನೋಡಿ. ಮಾತಿನ ನಡುವೆ ಹೆಬ್ಬೆರಳು ಮುಗ್ಗರಿಸಿದರೆ ಇನ್ನೂ ಆಗಿಲ್ಲ ಎಂದೇ ಅರ್ಥ.

ಆಮೇಲೆ ಬೆರಳುಗಳು. ಮೊದಲ ಏಟಿಗೆ ಹೆಬ್ಬೆರಳು ಮತ್ತು ಮಧ್ಯದ ಬೆರಳು ಒಟ್ಟಿಗೆ ಚಿವುಟಬೇಕು, ಮಧ್ಯದ ಬೆರಳು 1ನೇ ತಂತಿಯಲ್ಲಿ. ನಂತರ ಎರಡನೇ ಮತ್ತು ಮೂರನೇ ಏಟಿನ ನಡುವಿನ ಅರ್ಧಕ್ಕೆ ತೋರುಬೆರಳು 2ನೇ ತಂತಿಯನ್ನು ಎಳೆಯಬೇಕು. ಕೆಡುವುದು ಇಲ್ಲಿಯೇ. ತೋರುಬೆರಳು ಏಟಿನ ನಡುವೆ ಬಿದ್ದ ಕೂಡಲೇ ಹೆಬ್ಬೆರಳು ಅದನ್ನು ಕೂಡಿಕೊಳ್ಳಲು ಓಡುತ್ತದೆ, ಇಲ್ಲವೇ ಅದಕ್ಕಾಗಿ ಕಾದು ನಿಲ್ಲುತ್ತದೆ. ರಾಗವೇ ಯಜಮಾನ, ಬಾಸ್ (ದಪ್ಪ ತಂತಿಗಳ ತಗ್ಗು ಸ್ವರ) ಅದರ ಹಿಂದೆ ಬರುವ ಆಳು ಎಂದು ಕೈ ತಿಳಿದುಕೊಂಡಿರುವುದೇ ಕಾರಣ. ವೇಗವನ್ನು 45ಕ್ಕೆ ಇಳಿಸಿ, ಅಂಗೈಯ ಬುಡವನ್ನು ಸ್ಯಾಡಲ್ (ಗಿಟಾರಿನ ಒಡಲ ಮೇಲೆ ತಂತಿಗಳು ಕೂರುವ ಪಟ್ಟಿ) ಅಂಚಿಗೆ ತಾಗಿಸಿ ಬಾಸ್ ತಂತಿಗಳ ನಾದವನ್ನು ಮೊಟಕು ಮಾಡುತ್ತೇನೆ. ಆಗ ಹೆಬ್ಬೆರಳಿನದು ಸ್ವರಕ್ಕಿಂತ ಹೆಚ್ಚಾಗಿ ಡೋಲಿನ ಪೆಟ್ಟಿನಂತೆ ಕೇಳಿಸುತ್ತದೆ, ಕಿವಿ ತಾನೇ ಅದನ್ನು ಹಿಂಬಾಲಿಸುತ್ತದೆ. ಅಂಗೈ ಸ್ಯಾಡಲ್‌ನಿಂದ 2-3 ಮಿ.ಮೀ.ಗಿಂತ ಮುಂದೆ ಬಂದರೆ ಸ್ವರ ಸತ್ತೇಹೋಗುತ್ತದೆ. ಬರೀ ಅಂಚಿಗೆ ತಾಗಬೇಕು, ಅಷ್ಟೆ.

ಮಿಸಿಸಿಪ್ಪಿ ಜಾನ್ ಹರ್ಟ್ ನುಡಿಸುತ್ತಿದ್ದದ್ದು ಇಂಥ ಅದಲುಬದಲು ಬಾಸ್. 1928ರಲ್ಲಿ ಓಕೆ ಕಂಪನಿಗೆ ಧ್ವನಿಮುದ್ರಣ ಮಾಡಿ ಅವಾಲನ್ ಊರಿಗೆ ಮರಳಿದವರನ್ನು ಜನ ಮತ್ತೆ ಹುಡುಕಿಕೊಂಡು ಹೋದದ್ದು 1963ರಲ್ಲಿ. ಟೆಕ್ಸಸ್‌ನ ಮ್ಯಾನ್ಸ್ ಲಿಪ್ಸ್‌ಕಂಬ್ ಮತ್ತು ಬಿಗ್ ಬಿಲ್ ಬ್ರೂನ್ಜಿ ಇವರದು ಇನ್ನೊಂದು ದಾರಿ: ಒಂದೇ ಬಾಸ್ ತಂತಿಯ ಮೇಲೆ ನಾಲ್ಕೂ ಏಟು. ಕಾಗದದ ಮೇಲೆ ಇದು ಸುಲಭ. ಕೈಯಲ್ಲಿ ಕಷ್ಟ, ಯಾಕೆಂದರೆ ತಂತಿ ಬದಲಾಗದ ಕಡೆ ಲಯದ ಸಣ್ಣ ಏರುಪೇರೂ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ. ನನ್ನ ಮಟ್ಟಿಗೆ ಎರಡನೆಯದನ್ನೇ ಮೊದಲು ಕಲಿಯುವುದು ಲೇಸು.

ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಇಲ್ಲಿ ಒಂದು ಅನುಕೂಲವಿದೆ, ಒಂದು ತೊಡಕೂ ಇದೆ. ಬ್ಲೂಸ್‌ನ ಶಫಲ್ ಅಂದರೆ ತಿಶ್ರ ನಡೆಯಲ್ಲಿ ‘ತಕಿಟ’ದ ‘ತ’ ಮತ್ತು ‘ಟ’ ಮಾತ್ರ ನುಡಿಸಿ ನಡುವಿನ ‘ಕಿ’ ಬಿಡುವುದು. ಪಶ್ಚಿಮ ಆಫ್ರಿಕಾದಿಂದ ಕೆರೀಬಿಯನ್ ದಾಟಿ ನ್ಯೂ ಆರ್ಲಿಯನ್ಸ್‌ವರೆಗೆ ಕೇಳುವ 3-3-2 ಕಟ್ಟಿಗೆ ‘ತಕಿಟ ತಕಿಟ ತಕ’ ಎಂದು ಹೇಳಿಕೊಂಡರೆ ಸಾಕು. ಪಾದ ನಾಲ್ಕು ಸಮ ಏಟು ಹಾಕುತ್ತಿರಲಿ, ಚಪ್ಪಾಳೆ ಮೂರು ‘ತ’ಗಳಿಗೆ ಬೀಳಲಿ. ಮೂರಕ್ಕೆ ಎರಡು ಬೀಳುವ ಕಟ್ಟನ್ನೂ ಹೀಗೇ ಆರು ಮಾತ್ರೆಯಲ್ಲಿ ಕೂರಿಸುತ್ತೇನೆ: ಕಾಲು 1 ಮತ್ತು 4ಕ್ಕೆ, ಕೈ 1, 3, 5ಕ್ಕೆ. ತೊಡಕು ಎಂದರೆ ತಾಳ ಹಾಕಿ ಅಭ್ಯಾಸವಾದ ಕೈ ಸಮದ ಮೇಲೇ ಬೀಳುತ್ತದೆ. ಇಲ್ಲಿ ಚಪ್ಪಾಳೆ 2 ಮತ್ತು 4ಕ್ಕೆ. ಸಭೆಯಲ್ಲಿ 1 ಮತ್ತು 3ಕ್ಕೆ ತಟ್ಟಿದರೆ ಹಾಡುವವರು ಏನೂ ಅನ್ನುವುದಿಲ್ಲ, ಆದರೆ ಹಾಡು ಕುಂಟುತ್ತದೆ.

ಶ್ರುತಿಯ ವಿಷಯ ಬೇಗ ಮುಗಿಸುತ್ತೇನೆ. ‘ಸ್ಪ್ಯಾನಿಶ್’ ಎಂದರೆ ಓಪನ್ ಜಿ: 6, 5, 1ನೇ ತಂತಿಗಳನ್ನು ತಲಾ ಒಂದು ಪೂರ್ತಿ ಸ್ವರ ಇಳಿಸಿದರೆ ಡಿ-ಜಿ-ಡಿ-ಜಿ-ಬಿ-ಡಿ. ‘ವೆಸ್ಟಪೋಲ್’ ಎಂದರೆ ಓಪನ್ ಡಿ: ಡಿ-ಎ-ಡಿ-ಎಫ್ ಶಾರ್ಪ್-ಎ-ಡಿ. ಅದರ 3ನೇ ತಂತಿಯನ್ನು ಇನ್ನರ್ಧ ಸ್ವರ ಇಳಿಸಿ ಎಫ್ ಮಾಡಿದರೆ ಬೆಂಟೋನಿಯಾದ ಸ್ಕಿಪ್ ಜೇಮ್ಸ್ ನೆನಪಿಸುವ ಆ ಮಂಕು ಮೈನರ್. ಇಳಿಸುವಾಗ ಬೇಕಾದ ಸ್ವರಕ್ಕಿಂತ ಕೆಳಗೆ ಹೋಗಿ ಮೇಲೆ ಬಂದು ನಿಲ್ಲಿಸಿ. ಮೇಲಿನಿಂದ ಇಳಿಸಿ ನಿಲ್ಲಿಸಿದರೆ ನಟ್‌ನಲ್ಲಿ (ದಂಡದ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಸಿಕ್ಕಿಕೊಂಡ ತಂತಿ ಎರಡು ನಿಮಿಷದಲ್ಲಿ ಇನ್ನಷ್ಟು ಜಾರುತ್ತದೆ. ಸ್ಲೈಡ್‌ಗೆ (ಬೆರಳಿಗೆ ಹಾಕಿ ತಂತಿ ಮೇಲೆ ಜಾರಿಸುವ ಕೊಳವೆ) 0.013 ಇಂಚಿನಿಂದ ಶುರುವಾಗುವ ತಂತಿ ಸೆಟ್ ಹಾಕುತ್ತೇನೆ, 12ನೇ ಫ್ರೆಟ್ ಮೇಲೆ ತಂತಿ ಸುಮಾರು 3 ಮಿ.ಮೀ. ಎತ್ತರ ಇರಬೇಕು. ಅದಕ್ಕಿಂತ ತಗ್ಗಿದ್ದರೆ ಸ್ಲೈಡ್ ಫ್ರೆಟ್‌ಗೆ ತಾಗಿ ಕರಕರ ಎನ್ನುತ್ತದೆ. ಸ್ಲೈಡ್ ಫ್ರೆಟ್ ಕಂಬಿಯ ನೆತ್ತಿಯ ಮೇಲೆ ನಿಲ್ಲಬೇಕು. ಹಿಂದಿನ ಬೆರಳುಗಳು ತಂತಿಯನ್ನು ಹಗುರವಾಗಿ ಮುಟ್ಟಿಕೊಂಡಿರಬೇಕು. ಗೋಟುವಾದ್ಯ ನುಡಿಸಿದವರಿಗೆ ಈ ಎರಡು ಮಾತು ಹೇಳುವ ಅಗತ್ಯವೇ ಇಲ್ಲ.

ಬೇರಿನ ವಿಚಾರ ಕೈಗೆ ಸಿಗಬೇಕಾದರೆ ಒಂಟಿ ತಂತಿಯ ವಾದ್ಯ ಮಾಡಿಕೊಳ್ಳುವುದು ಒಳ್ಳೆಯದು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಇದಕ್ಕೆ ಡಿಡ್ಲಿ ಬೋ ಎನ್ನುತ್ತಾರೆ. ಕಸಪೊರಕೆಯ ಕಟ್ಟಿನ ತಂತಿ ಬಿಚ್ಚಿ ಮನೆಯ ಗೋಡೆಗೆ ಎರಡು ಮೊಳೆ ಹೊಡೆದು ಬಿಗಿದು, ಸೀಸೆ ಒತ್ತರಿಸಿ ಮಕ್ಕಳು ನುಡಿಸುತ್ತಿದ್ದರು. ಲೋನಿ ಪಿಚ್‌ಫರ್ಡ್ ಇದನ್ನು ವೇದಿಕೆಗೇ ತಂದವರು. ಮಾಲಿಯ ಅಲಿ ಫರ್ಕಾ ಟೂರೆ ಗಿಟಾರಿಗೆ ಮುನ್ನ ಕೈಹಿಡಿದದ್ದೂ ಗುರ್ಕೆಲ್ ಎಂಬ ಒಂಟಿ ತಂತಿಯ ವಾದ್ಯವನ್ನೇ.

ನಾನು ಮಾಡುವುದು ಹೀಗೆ. 3 ಅಡಿ ಉದ್ದದ ಪೈನ್ ಹಲಗೆ, 19 ಮಿ.ಮೀ. ದಪ್ಪ, 89 ಮಿ.ಮೀ. ಅಗಲ. ಒಂದು ತುದಿಗೆ ತಂತಿ ಬಿಗಿಯುವ ಗಿಟಾರಿನ ಒಂದು ಕೀ, ಇನ್ನೊಂದು ತುದಿಗೆ ವಾಷರ್ ಹಾಕಿದ ಸ್ಕ್ರೂ. ಸ್ಕ್ರೂ ಕೊರೆಯುವ ಮೊದಲು 2 ಮಿ.ಮೀ. ಡ್ರಿಲ್ ತೂತು ಹಾಕದಿದ್ದರೆ ತುದಿಯಲ್ಲಿ ಮರ ಸೀಳುತ್ತದೆ. ಕೀ ಕಡೆ ಒಂದು ದಪ್ಪ ಬೋಲ್ಟ್ ಅಡ್ಡ ಇಟ್ಟರೆ ಅದೇ ನಟ್. ಸ್ಕ್ರೂ ಕಡೆ ಚಿಕ್ಕ ಗಾಜಿನ ಸೀಸೆ ಅಡ್ಡ ಮಲಗಿಸಿದರೆ ಅದೇ ಬ್ರಿಜ್. ನಡುವಿನ ಅಂತರ 635 ಮಿ.ಮೀ. ತಂತಿ 0.017 ಇಂಚಿನ ಸಾದಾ ಉಕ್ಕಿನದು. ಗಿಟಾರಿನ 3ನೇ ತಂತಿಯ ಜಿ ಸ್ವರಕ್ಕೆ ಬಿಗಿದಾಗ ಸುಮಾರು 7 ಕಿಲೋ ಎಳೆತ ಬರುತ್ತದೆ, ಈ ಹಲಗೆ ಬಾಗುವುದಿಲ್ಲ. ಸೀಸೆ ಜಾರದಿರಲು ಹಲಗೆಯಲ್ಲಿ ಅರದಿಂದ ಉಜ್ಜಿ ತುಸು ತೋಡು ಮಾಡಬೇಕು. ಸೀಸೆ ಅಲುಗಾಡಿ ಗುಂಯ್‌ಗುಡುತ್ತಿದ್ದರೆ ಅಡಿಗೆ ಚರ್ಮದ ತುಂಡು. ತಂತಿ ಬಿಗಿಯುವಾಗ ಕನ್ನಡಕ ಹಾಕಿಕೊಳ್ಳಿ. ಹಲಗೆಯನ್ನು ಖಾಲಿ ತಗಡಿನ ಡಬ್ಬದ ಮೇಲಿಟ್ಟರೆ ಕೋಣೆ ತುಂಬುವಷ್ಟು ದನಿ.

ಫ್ರೆಟ್ ಇಲ್ಲ, ಪೆನ್ಸಿಲ್ ಗೆರೆ ಮಾತ್ರ. ನಟ್‌ನಿಂದ 159 ಮಿ.ಮೀ.ಗೆ ಮಧ್ಯಮ, 212ಕ್ಕೆ ಪಂಚಮ, 317.5ಕ್ಕೆ ಮೇಲಿನ ಷಡ್ಜ. ಸಾಧಾರಣ ಗಾಂಧಾರ 106ರಲ್ಲಿ, ಅಂತರ ಗಾಂಧಾರ 127ರಲ್ಲಿ. ಇವೆರಡಕ್ಕೆ ನಾನು ಗೆರೆ ಎಳೆಯುವುದಿಲ್ಲ. ನಡುವಿನ 21 ಮಿ.ಮೀ. ಜಾಗಕ್ಕೆ ಪೆನ್ಸಿಲ್‌ನಿಂದ ಬಣ್ಣ ಬಳಿಯುತ್ತೇನೆ. ಬ್ಲೂಸ್ ಗಾಯಕರ ಗಾಂಧಾರ ಓಡಾಡುವುದು ಆ ಪಟ್ಟಿಯೊಳಗೆ, ಒಂದೇ ಸಾಲಿನಲ್ಲಿ ಎರಡು ಮೂರು ಕಡೆ ನಿಲ್ಲುತ್ತದೆ. ನಿಷಾದಕ್ಕೆ 272ರಲ್ಲಿ ಒಂದು ಗುರುತು. ಗಿಟಾರಿನ 10ನೇ ಫ್ರೆಟ್ ಇದೇ ಅಳತೆಯಲ್ಲಿ 279ರ ಹತ್ತಿರ ಬರುತ್ತದೆ. ಆ 7 ಮಿ.ಮೀ. ವ್ಯತ್ಯಾಸವನ್ನು ಸ್ಲೈಡ್‌ನಲ್ಲಿ ಎಳೆದು ಕೇಳಿದರೆ ಫ್ರೆಟ್ ಮೇಲಿನ ನಿಷಾದ ಯಾಕೆ ಚೂಪಾಗಿ ಕೇಳಿಸುತ್ತದೆ ಎಂಬುದು ಕಿವಿಗೇ ಗೊತ್ತಾಗುತ್ತದೆ. ತಂತಿ ಎತ್ತರವಾಗಿರುವುದರಿಂದ ಸ್ಲೈಡ್ ಒತ್ತಿದರೆ ಸ್ವರ ಏರುತ್ತದೆ. ಸ್ಲೈಡ್‌ನ ಭಾರವೇ ಸಾಕು, ಕೈಯ ಭಾರ ಬೇಡ.

ಬ್ಯಾಂಜೋ ತರಗತಿ ಇದ್ದರೆ ತಪ್ಪಿಸಬೇಡಿ, ಗಿಟಾರ್ ಮಾತ್ರ ಬೇಕು ಎನ್ನುವವರೂ. ಸೆನೆಗಲ್-ಗ್ಯಾಂಬಿಯಾದ ಜೋಲಾ ಜನರ ಅಕೊಂಟಿಂಗ್ ಮೂರು ತಂತಿಯ ಸೋರೆಬುರುಡೆ ವಾದ್ಯ, ಮೇಲೆ ಆಡಿನ ಚರ್ಮ, ಉದ್ದನೆಯ ದಂಡ, ಅದರಲ್ಲಿ ಒಂದು ಗಿಡ್ಡ ತಂತಿ. ತೋರುಬೆರಳಿನ ಉಗುರು ಉದ್ದ ತಂತಿಗೆ ಕೆಳಮುಖವಾಗಿ ಬಡಿಯುತ್ತದೆ, ಹಿಂದೆಯೇ ಹೆಬ್ಬೆರಳು ಗಿಡ್ಡ ತಂತಿಯನ್ನು ಮೀಟುತ್ತದೆ. ಅಮೆರಿಕದ ಹಳ್ಳಿಗಳಲ್ಲಿ ಕ್ಲಾಹ್ಯಾಮರ್ ಎನ್ನುವ ಬ್ಯಾಂಜೋ ಕೈಚಳಕ ಇದೇ ಚಲನೆ. ಗ್ಯಾಂಬಿಯಾದ ಡೇನಿಯಲ್ ಲೇಮುವಾಹುಮಾ ಜಟ್ಟಾ ಇದನ್ನು ಬ್ಯಾಂಜೋ ಸಂಗ್ರಾಹಕರ ಮುಂದೆ 2000ದಲ್ಲಿ ಇಟ್ಟ ಮೇಲೆ ಈ ನಂಟು ಬಹಳ ಜನರ ಕಣ್ಣಿಗೆ ಬಿತ್ತು. ಬುರುಡೆ ಬ್ಯಾಂಜೋದ ಚರ್ಮಕ್ಕೆ ಕಡಲ ಗಾಳಿ ಆಗದು. ಪೋರ್ಟ್ ಟೌನ್‌ಸೆಂಡ್‌ನಲ್ಲಿ ಮಂಜು ಮುಸುಕಿದ ಬೆಳಿಗ್ಗೆ ಅದು ಸಡಿಲಾಗಿ ದನಿ ಮಂದವಾಗುತ್ತದೆ. ತಮಟೆ ಕಾಯಿಸುವ ಹಾಗೆ ಬೆಂಕಿಗೆ ಹಿಡಿಯಬಾರದು, ಬುರುಡೆ ಬಿರಿಯುತ್ತದೆ. ಹೇರ್ ಡ್ರೈಯರನ್ನು ಒಂದಡಿ ದೂರದಿಂದ ಒಂದೆರಡು ನಿಮಿಷ ಆಡಿಸಿದರೆ ಸಾಕು.

ಆಫ್ರಿಕಾದ ಬೇರು ಅಂದೊಡನೆ ನಮ್ಮವರಿಗೆ ಯಲ್ಲಾಪುರ, ಹಳಿಯಾಳದ ಸಿದ್ದಿಗಳೂ ಅವರ ಡೋಲಿನ ಕುಣಿತ ದಮಾಮಿಯೂ ನೆನಪಾಗುವುದು ಸಹಜ. ಆದರೆ ಸಿದ್ದಿಗಳ ಹಿರಿಯರು ಬಂದದ್ದು ಹೆಚ್ಚಾಗಿ ಆ ಖಂಡದ ಪೂರ್ವ, ಆಗ್ನೇಯ ಭಾಗದಿಂದ. ಬ್ಲೂಸ್‌ನ ತಂತಿವಾದ್ಯಗಳ ನಂಟು ಪಶ್ಚಿಮದಲ್ಲಿ ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನ ಸಹೇಲ್ ಸೀಮೆ ಕಡೆಗೆ. ಎರಡನ್ನೂ ಒಂದೇ ಗಂಟಿಗೆ ಕಟ್ಟಿದರೆ ಯಾರಿಗೂ ನ್ಯಾಯ ಮಾಡಿದಂತಾಗದು. ಹೋಲಿಕೆ ಬೇಕೇ ಬೇಕು ಎಂದರೆ ಗುಜರಾತಿನ ಸಿದಿಗಳ ಮಲುಂಗಾ ನೋಡಿ: ಬಿಲ್ಲು, ಒಂದು ತಂತಿ, ಒಂದು ಬುರುಡೆ.

ಇನ್ನು ರಾತ್ರಿಯ ಜಾಮ್. ಬ್ಲೂಸ್‌ನ ಒಂದು ಚರಣ ಹನ್ನೆರಡು ಬಾರ್ (ನಾಲ್ಕು ಏಟಿನ ಆವರ್ತ) ಎಂದು ಎಣಿಸಿಕೊಂಡು ಕೂತರೆ ಕೆಟ್ಟಿರಿ. ಜಾನ್ ಲೀ ಹೂಕರ್ ಥರದ ಹಾಡುಗಾರರ ಚರಣ ಹನ್ನೊಂದಕ್ಕೂ ಮುಗಿದೀತು, ಹದಿಮೂರೂವರೆಗೂ ಮುಗಿದೀತು. ಹಾಡುವವರ ಬಾಯಿ ನೋಡಿ ಕಾರ್ಡ್ ಬದಲಿಸಬೇಕು. ಸಾಲಿನ ಮೊದಲರ್ಧ ದನಿಯದು, ಉತ್ತರ ಹೇಳುವ ಉಳಿದರ್ಧ ಮಾತ್ರ ಗಿಟಾರಿನದು. ಹಾಡುವಾಗ ಮಧ್ಯೆ ಕುಟುಕುಟು ಮಾಡುವವರನ್ನು ಯಾರೂ ಎರಡನೇ ಸಲ ಕರೆಯುವುದಿಲ್ಲ. ಆರು ಗಿಟಾರ್ ಇರುವ ಗುಂಪಿನಲ್ಲಿ ಎಲ್ಲರೂ ಒಂದೇ ಜಾಗದಲ್ಲಿ ಇ ಕಾರ್ಡ್ ಹಿಡಿದರೆ ಗದ್ದಲ. ನಾನು 4ನೇ ಫ್ರೆಟ್‌ಗೆ ಕೇಪೋ (ಎಲ್ಲ ತಂತಿಗಳನ್ನೂ ಅಡ್ಡಕ್ಕೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಸಿ ಆಕಾರದಲ್ಲಿ ನುಡಿಸುತ್ತೇನೆ, ಶ್ರುತಿ ಅದೇ ಇ. ಹಾರ್ಮೋನಿಕಾದವರು ಪಕ್ಕದಲ್ಲಿದ್ದರೆ ಹಾಡಿನ ಶ್ರುತಿ ಯಾವುದು ಎಂದು ಮೊದಲೇ ಕೂಗಿ ಹೇಳಿ. ಗಿಟಾರ್ ಇ ಇದ್ದರೆ ಅವರಿಗೆ ಎ ಹಾರ್ಪ್ (ಎ ಶ್ರುತಿಯ ಹಾರ್ಮೋನಿಕಾ) ಬೇಕು, ಎ ಇದ್ದರೆ ಡಿ, ಜಿ ಇದ್ದರೆ ಸಿ. ಜೇಬಿನಲ್ಲಿ ಅದನ್ನು ಹುಡುಕಿ ತೆಗೆಯಲು ಅವರಿಗೂ ಅರ್ಧ ನಿಮಿಷ ಬೇಕು.